ಇಂಟ್ ಮೇನ್ ಅಂತ ಬರೆದಿದ್ದಕ್ಕೆ ನಾಲ್ಕು ಮಾರ್ಕ್ಸ್ ಹೋಯಿತು

ನಿನ್ನೆ ಸಿ ಪ್ಲಸ್ ಪ್ಲಸ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್ ಇಂಟರ್ನಲ್ಸ್ ಇತ್ತು. ಚೀಟಿ ಎತ್ತಿದೆ, ಬ್ಯಾಂಕ್ ಅಕೌಂಟ್ ಪ್ರೋಗ್ರಾಂ ಬಂತು. ಗೊತ್ತಿದ್ದದ್ದೇ. ರೈಟ್‌ಅಪ್ ಶೀಟಿನಲ್ಲಿ ನೀಟಾಗಿ ಬರೆದೆ. ಪ್ರೋಗ್ರಾಂ ಶುರುವಿನ ಮಾಮೂಲಿ ಸಾಲುಗಳು: ಮೇಲೆ ಐಒಸ್ಟ್ರೀಮ್, ಅದರ ಕೆಳಗೆ ಯೂಸಿಂಗ್ ನೇಮ್‌ಸ್ಪೇಸ್, ಆಮೇಲೆ ಇಂಟ್ ಮೇನ್. ಮೇಡಂ ಬಂದು ನೋಡಿ ಮೂರಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದರು. "ಡಾಟ್ ಹೆಚ್ ಎಲ್ಲಿ? ಮೇನ್ ಹಿಂದೆ ವಾಯ್ಡ್ ಯಾಕಿಲ್ಲ? ಕ್ಲಿಯರ್ ಸ್ಕ್ರೀನ್ ಎಲ್ಲಿ?" ಅಂದರು. ಈಗಿನ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮ) ಪ್ರಕಾರ ಇದೇ ಸರಿ ಮೇಡಂ ಅಂದೆ. "ಮ್ಯಾನ್ಯುಯಲ್‌ನಲ್ಲಿ ಹೇಗಿದೆಯೋ ಹಾಗೆ ಬರಿ" ಅಂದು ಮುಂದಿನ ಬೆಂಚಿಗೆ ಹೋದರು. 20ರಲ್ಲಿ 4 ಮಾರ್ಕ್ಸ್ ಕಟ್.

ಸರಿಯಾಗಿ ಬರೆದಿದ್ದಕ್ಕೆ!

ಪ್ರೋಗ್ರಾಂ ಬರೆದು ಓಡಿಸಲು ನಮ್ಮ ಲ್ಯಾಬ್‌ನಲ್ಲಿ ಇನ್ನೂ ಟರ್ಬೋ ಸಿ ಪ್ಲಸ್ ಪ್ಲಸ್ ಅನ್ನುವ ಸಾಫ್ಟ್‌ವೇರ್ ಇದೆ. ಅದೇ ನೀಲಿ ಪರದೆ. ಬೋರ್ಲ್ಯಾಂಡ್ ಕಂಪನಿ ಡಾಸ್ ಕಾಲದಲ್ಲಿ, 1990ರ ಹೊತ್ತಿಗೆ ಮಾಡಿದ್ದು. ಇವತ್ತಿನ ಕಂಪ್ಯೂಟರಿನಲ್ಲಿ ಅದು ನೇರವಾಗಿ ಓಡುವುದಿಲ್ಲ, ಹಳೇ ಡಾಸ್ ಕಂಪ್ಯೂಟರಿನಂತೆ ನಟಿಸುವ ಡಾಸ್‌ಬಾಕ್ಸ್ ಒಳಗೆ ಓಡಿಸಬೇಕು. ಸಿ ಪ್ಲಸ್ ಪ್ಲಸ್‌ಗೆ ಸ್ಟ್ಯಾಂಡರ್ಡ್ ಬಂದಿದ್ದೇ 1998ರಲ್ಲಿ. ಆಗಲೇ ಐಒಸ್ಟ್ರೀಮ್ ಕೊನೆಯ ಡಾಟ್ ಹೆಚ್ ಹೋಯಿತು. ನಾವು ಹುಟ್ಟುವ ಮೊದಲೇ ಹೋಗಿದ್ದನ್ನು ಬರೆಯಲಿಲ್ಲ ಅಂತ ನಮಗೆ ಮಾರ್ಕ್ಸ್ ಕಟ್! ಮ್ಯಾನ್ಯುಯಲ್‌ನಲ್ಲಿರುವ ಪ್ರೋಗ್ರಾಂ ತಂದು ನನ್ನ ಲ್ಯಾಪ್‌ಟಾಪ್‌ನ ಜಿಸಿಸಿಗೆ (ಈಗಿನ ಕಂಪೈಲರ್) ಹಾಕಿದರೆ ಮೊದಲ ಸಾಲಿಗೇ ಎರರ್.

ಸಾಫ್ಟ್‌ವೇರ್ ಹಳೆಯದು ಅನ್ನುವುದನ್ನು ಹೇಗೋ ಸಹಿಸಿಕೊಳ್ಳಬಹುದು. ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆಬ್ಜೆಕ್ಟ್ ಯಾಕೆ ಬೇಕು ಅಂತ ಇಡೀ ಸೆಮಿಸ್ಟರ್‌ನಲ್ಲಿ ಒಬ್ಬರೂ ಹೇಳಲಿಲ್ಲ. ಮೊದಲ ದಿನ ಬೋರ್ಡಿನ ಮೇಲೆ ನಾಲ್ಕು ಪದ ಬಿತ್ತು. ಎನ್‌ಕ್ಯಾಪ್ಸುಲೇಷನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ. ಒಂದೊಂದಕ್ಕೂ ಎರಡು ಸಾಲಿನ ಡೆಫಿನಿಷನ್, ಬೈಹಾರ್ಟ್ ಮಾಡಿ ಅಂದರು. ಉದಾಹರಣೆಗೆ ಅನಿಮಲ್ ಕ್ಲಾಸ್ (ಕ್ಲಾಸ್ ಅಂದರೆ ಆಬ್ಜೆಕ್ಟ್ ಮಾಡುವ ಅಚ್ಚು). ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಅನ್ನುತ್ತದೆ. "ಸರ್, ಇದನ್ನ ಇಫ್ ಎಲ್ಸ್ ಹಾಕಿಯೇ ಮಾಡಬಹುದಲ್ವಾ?" ಅಂತ ಕೇಳಿದೆ. "ಎಕ್ಸಾಮ್‌ಗೆ ಅದು ಬರಲ್ಲ, ಇದನ್ನ ಬರ್ಕೋ" ಅಂದರು.

ನನಗೆ ಅರ್ಥವಾಗಿದ್ದು ದಸರಾ ರಜೆಯಲ್ಲಿ, ಊರಿನಲ್ಲಿ. ಚಿಕ್ಕಪ್ಪ ನಮ್ಮೂರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಡೋಣ ಅಂತ ಕೂತೆ. ಹೆಸರಿಗೊಂದು ಅರೇ (ಪಟ್ಟಿ), ಲೀಟರಿಗೊಂದು, ಫ್ಯಾಟಿಗೊಂದು, ಕೊಡಬೇಕಾದ ದುಡ್ಡಿಗೊಂದು. ಚೆನ್ನಾಗೇ ನಡೆಯಿತು. ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸು ಅಂದರು ಚಿಕ್ಕಪ್ಪ. ಜೋಡಿಸಿದೆ. ಹೆಸರುಗಳು ಜಾಗ ಬದಲಿಸಿದವು, ಲೀಟರ್ ಅಲ್ಲೇ ಉಳಿಯಿತು. ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋಯಿತು!

ಆಗ ಹೊಳೆಯಿತು. ಒಬ್ಬರ ಹೆಸರು, ಲೀಟರ್, ಫ್ಯಾಟ್, ದುಡ್ಡು ಎಲ್ಲಾ ಒಂದೇ ಕಡೆ ಇರಬೇಕು. ಅದೇ ಆಬ್ಜೆಕ್ಟ್. ದುಡ್ಡನ್ನು ಪ್ರೈವೇಟ್ ಮಾಡಿದೆ. ಹಾಲು ಹಾಕುವ ಫಂಕ್ಷನ್ ಮೂಲಕ ಬಿಟ್ಟರೆ ಅದು ಏರುವಂತಿಲ್ಲ, ಬಟವಾಡೆ ಮೂಲಕ ಬಿಟ್ಟರೆ ಇಳಿಯುವಂತಿಲ್ಲ. ಎಮ್ಮೆ ಹಾಲಿಗೆ ದರದ ಲೆಕ್ಕವೇ ಬೇರೆ. ಅದಕ್ಕೊಂದು ಬೇರೆ ಕ್ಲಾಸ್ ಮಾಡಿ, ದರ ಲೆಕ್ಕ ಹಾಕುವ ಫಂಕ್ಷನ್ ಮಾತ್ರ ಬದಲಿಸಿದೆ. ಉಳಿದ ಪ್ರೋಗ್ರಾಂ ಮುಟ್ಟಲೇ ಇಲ್ಲ. ಎರಡು ತಿಂಗಳು ಬೈಹಾರ್ಟ್ ಮಾಡಿದ ಪಾಲಿಮಾರ್ಫಿಸಂ ಅಂದರೆ ಇದೇ ಅಲ್ವಾ?

ಆಮೇಲೆ ಹುಡುಕಿ ಓದಿದೆ. ಆಬ್ಜೆಕ್ಟ್, ಕ್ಲಾಸ್ ಅನ್ನುವುದು ಶುರುವಾಗಿದ್ದೇ ಹೀಗೊಂದು ನಿಜವಾದ ಕೆಲಸಕ್ಕೆ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ಎಂಬಿಬ್ಬರು ಸಿಮ್ಯುಲಾ ಅನ್ನುವ ಭಾಷೆ ಮಾಡಿದರು. ಕ್ಯೂ ಹೇಗೆ ಬೆಳೆಯುತ್ತದೆ, ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಕಂಪ್ಯೂಟರ್ ಒಳಗೆ ನಡೆಸಿ ನೋಡುವುದಕ್ಕೆ. ಸಿ ಪ್ಲಸ್ ಪ್ಲಸ್ ಮಾಡಿದ ಸ್ಟ್ರೌಸ್ಟ್ರಪ್ ಆ ಸಿಮ್ಯುಲಾ ಬಳಸಿ ನೋಡಿದ್ದರು. ಅದರ ಕ್ಲಾಸನ್ನು ಸಿ ಭಾಷೆಗೆ ತಂದರು, ಸಿ ಪ್ಲಸ್ ಪ್ಲಸ್ ಆಯಿತು. ಇದನ್ನು ಹೇಳಲು ಹತ್ತು ನಿಮಿಷ ಸಾಕು. ನಮಗೆ ಆ ಹತ್ತು ನಿಮಿಷ ಸಿಗಲಿಲ್ಲ.

ರೆಕಾರ್ಡ್ ಬರೆಯಲು ಮಾತ್ರ ಬೇಕಾದಷ್ಟು ಟೈಮ್ ಇದೆ. 12 ಪ್ರೋಗ್ರಾಂ, ಎಲ್ಲಾ ಕೈಯಲ್ಲೇ. ಬಲಗಡೆ ಗೆರೆ ಪುಟದಲ್ಲಿ ಕೋಡ್, ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ಔಟ್‌ಪುಟ್. ಒಂದು ಕಡೆ ವೈಟ್ನರ್ ಹಚ್ಚಿದರೆ ಸೈನ್ ಇಲ್ಲ, ಇಡೀ ಪುಟ ಮತ್ತೆ ಬರೆಯಬೇಕು. ಪ್ರೋಗ್ರಾಂ ಓಡಿತಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಪಕ್ಕ ಕೂರುವ ಹುಡುಗ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಈ ಸಬ್ಜೆಕ್ಟ್‌ನಲ್ಲಿ ಮಾತ್ರ ಸೆಮಿಕೋಲನ್ ಸಮೇತ ಬಾಯಿಪಾಠ ಮಾಡಿ ಬರುತ್ತಾನೆ. ನಿನ್ನೆ ವೈವಾದಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರು, ಬಾಯಿ ಕಟ್ಟಿಹೋಯಿತು. ಹೊರಗೆ ಬಂದು ಕಾರಿಡಾರಿನಲ್ಲಿ ಗೋಡೆ ಕಡೆ ತಿರುಗಿ ನಿಂತಿದ್ದ. ರಾತ್ರಿ ಹಾಸ್ಟೆಲ್‌ನಲ್ಲಿ ಅವನಿಗೆ ಡೇರಿ ಲೆಕ್ಕ ತೋರಿಸಿದೆ. ಅರ್ಧ ಗಂಟೆ ಹಿಡಿಯಿತು, ಅಷ್ಟೇ. ಎಮ್ಮೆ ಹಾಲಿನ ಕ್ಲಾಸನ್ನು ಅವನೇ ಬರೆದ.

"ಇಷ್ಟೇನಾ? ನನಗೇ ತಲೆ ಇಲ್ಲ ಅಂದ್ಕೊಂಡಿದ್ದೆ ಕಣೋ" ಅಂದ.

ಆಮೇಲೆ ಇಬ್ಬರೂ ರೆಕಾರ್ಡ್ ಬರೆಯಲು ಕೂತೆವು. ಗುರುವಾರ ಸಬ್ಮಿಷನ್. ವಾಯ್ಡ್ ಮೇನ್ ಅಂತಲೇ ಬರೆದೆ.