ಲಾಭ ಇತ್ತು, ಸಂಬಳಕ್ಕೆ ದುಡ್ಡಿರಲಿಲ್ಲ
ಸಣ್ಣ ಕೈಗಾರಿಕೆಗಳು ಆರ್ಡರ್ ಇಲ್ಲದೆ ಮುಚ್ಚುತ್ತವೆ ಎಂದು ಲೇಖನವೊಂದರಲ್ಲಿ ಓದಿದೆ. ಬೆಂಗಳೂರಿನ ಪೀಣ್ಯದಲ್ಲಿ ಲೋಹ ಕಡೆಯುವ ಎರಡು ಲೇತ್ ಯಂತ್ರ ಇಟ್ಟುಕೊಂಡಿರುವ ನನ್ನ ಅನುಭವ ಬೇರೆ. ಆರ್ಡರ್ ಇತ್ತು, ಬಿಲ್ಲಿನಲ್ಲಿ ಲಾಭವೂ ಇತ್ತು. ದುಡ್ಡು ಕೈಗೆ ಬರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಉಕ್ಕಿನವರಿಗೆ ನಗದು ಕೊಡಬೇಕು, ಬಾರದ ದುಡ್ಡಿಗೂ ಜಿಎಸ್‌ಟಿ ಕಟ್ಟಬೇಕು, ಏಳನೇ ತಾರೀಖು ಹುಡುಗರು ಬಾಗಿಲ ಹತ್ತಿರ ನಿಂತು ಮುಖ ನೋಡುತ್ತಾರೆ. ಹೆಂಡತಿಯ ಬಳೆ ಅಡವಿಟ್ಟು ಸಂಬಳ ಕೊಟ್ಟೆ.

ಸಣ್ಣ ಕೈಗಾರಿಕೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಪಾವತಿಗೆ 45 ದಿನದ ಗಡುವಿದೆ, ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ನಾವು ಬದುಕುವುದು ಹೇಗೆ? ಈಗ ಆರ್ಡರ್ ಬಂದರೆ ದರಕ್ಕಿಂತ ಮೊದಲು ಪಾವತಿ ಯಾವಾಗ ಅಂತ ಕೇಳುತ್ತೇನೆ. ಪಾವತಿ ತಡ ಅಂದಿದ್ದಕ್ಕೆ ಕಳೆದ ವಾರ ಒಂದು ಆರ್ಡರ್ ಬಿಟ್ಟೆ.