ಬಾಯಿ ಬಿಡದಿದ್ದರೆ ಕಳ್ಳನಾ?

ಹೋದ ವಾರ ನಮ್ಮ ಜಿಲ್ಲೆಯ ಒಂದು ಕೋರ್ಟಿನಲ್ಲಿ ಅರ್ಧ ದಿನ ಕೂತಿದ್ದೆ. ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗನ ಕೇಸು. ಕಣದಲ್ಲಿ ಒಣಗಲು ಹಾಕಿದ್ದ ಕಾಳುಮೆಣಸು ಎರಡು ಚೀಲ ಕದ್ದ ಅಂತ ಆರೋಪ. ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಕೋರ್ಟು ನೋಡಿಕೊಳ್ಳುತ್ತದೆ.

ಸರ್ಕಾರಿ ವಕೀಲರ ಕೊನೆಯ ವಾದ ಶುರುವಾಯಿತು. ಮೊದಲು ಚೆನ್ನಾಗಿಯೇ ಇತ್ತು. ಯಾವ ಸಾಕ್ಷಿ ಏನು ಹೇಳಿದ, ಮಹಜರು ಎಲ್ಲಿ ಆಯಿತು, ಚೀಲ ಎಲ್ಲಿ ಸಿಕ್ಕಿತು. ಆಮೇಲೆ ಫೈಲು ಮುಚ್ಚಿದರು. ಹುಡುಗನ ಕಡೆ ಬೆರಳು ತೋರಿಸಿ, "ತಪ್ಪು ಮಾಡಿಲ್ಲ ಅಂದ್ರೆ ಇವನೇ ಕಟಕಟೆ ಹತ್ತಿ ಹೇಳಬಹುದಿತ್ತಲ್ಲ ಸ್ವಾಮಿ? ಇಂಥ ಹೊರಗಿನವರು ಬಂದ ಮೇಲೆ ಯಾರ ಕಣಕ್ಕೂ ರಕ್ಷಣೆ ಇಲ್ಲ" ಅಂದರು.

ಹುಡುಗ ಅಸ್ಸಾಮಿನವನು. ಕನ್ನಡ ಅಷ್ಟಕ್ಕಷ್ಟೇ. ಬೆರಳು ಮಾತ್ರ ಅರ್ಥವಾಯಿತು. ಕೈಯಲ್ಲಿದ್ದ ಟೋಪಿ ಹಿಂಡುತ್ತಾ ತಲೆ ತಗ್ಗಿಸಿದ. ಅವನ ವಕೀಲರು ಏಳಲೇ ಇಲ್ಲ.

ನನಗೆ ಹೊಟ್ಟೆ ಉರಿಯಿತು. ಯಾಕೆಂದರೆ ಆ ಮೊದಲ ಮಾತನ್ನು ಕಾನೂನೇ ಬೇಡ ಅಂದಿದೆ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅನ್ನುವ ಹಳೆಯ ಕಾನೂನು ಸಿಆರ್‌ಪಿಸಿಯ 315ನೇ ಕಲಮಿನ ಪ್ರಕಾರ ಆರೋಪಿ ತಾನಾಗಿ ಬರೆದು ಕೇಳಿಕೊಂಡರೆ ಮಾತ್ರ ಸಾಕ್ಷಿ ಹೇಳಬಹುದು. ಹೇಳದಿದ್ದರೆ ಅದರ ಬಗ್ಗೆ ಯಾವ ಕಡೆಯವರೂ ಟೀಕೆ ಮಾಡುವ ಹಾಗಿಲ್ಲ, ಕೋರ್ಟು ಕೂಡ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲೂ ಇದು ಹಾಗೇ ಇದೆ. ಅಮೆರಿಕದ ಸುಪ್ರೀಂ ಕೋರ್ಟು 1965ರಲ್ಲಿ ಗ್ರಿಫಿನ್ ಕೇಸಿನಲ್ಲಿ ಹೇಳಿದ್ದೂ ಇದನ್ನೇ. ನಮ್ಮ ಸುಪ್ರೀಂ ಕೋರ್ಟು 1999ರಲ್ಲಿ ಶಿವ ಕುಮಾರ್ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೇಗಾದರೂ ಸರಿ ಶಿಕ್ಷೆ ಕೊಡಿಸಲೇಬೇಕು ಅನ್ನುವ ದಾಹ ಸರ್ಕಾರಿ ವಕೀಲರಿಗೆ ಇರಬಾರದು ಎಂದಿತು.

ಹೊರಗೆ ಬಂದಾಗ ಪರಿಚಯದ ಲಾಯರ್ ಒಬ್ಬರು ಸಮಾಧಾನ ಮಾಡಿದರು. "ಅಮೆರಿಕದ ಹಾಗೆ ನಮ್ಮಲ್ಲಿ ಜ್ಯೂರಿ ಇಲ್ಲ ಅಣ್ಣ. ಜಡ್ಜ್ ಇದನ್ನೆಲ್ಲ ತಲೆಗೆ ಹಾಕಿಕೊಳ್ಳಲ್ಲ." ನಾನು ಒಪ್ಪಲಿಲ್ಲ. ಜಡ್ಜೂ ಮನುಷ್ಯರೇ, ಅಲ್ವಾ? ಇದೇ ಊರಿನ ಪೇಪರು ಓದುತ್ತಾರೆ, ಕಳ್ಳತನದ ಸುದ್ದಿ ಕೇಳುತ್ತಾರೆ. "ಹೊರಗಿನವರು" ಅನ್ನುವ ಮಾತಿಗೆ ಯಾವ ಸಾಕ್ಷಿ ಇತ್ತು? ಒಂದೂ ಇಲ್ಲ. ಸಾಕ್ಷಿ ಇಲ್ಲದ ಜಾಗದಲ್ಲಿ ಊರಿನ ಭಯ ತಂದು ತುಂಬಿದರು ಅಷ್ಟೇ.

ಹೆಂಡತಿಯನ್ನು ಕೊಂದ ಅಂತ ನಮ್ಮ ಜಿಲ್ಲೆಯ ಒಬ್ಬರು ಒಂದು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲೇ ಜೀವಂತ ಸಿಕ್ಕರು. ಅದನ್ನು ನೋಡಿದ ಮೇಲೂ ನಾವು ಬರೀ ಬೆರಳು ತೋರಿಸುವ ವಾದವನ್ನು ಸುಮ್ನೆ ಕೇಳಿಕೊಂಡು ಕೂರಬೇಕಾ?

ವಕೀಲ ಮಿತ್ರರಲ್ಲಿ ನನ್ನದೊಂದೇ ಕೋರಿಕೆ. ಇಂಥ ಮಾತು ಬಂದ ಕ್ಷಣವೇ ಎದ್ದು ನಿಲ್ಲಿ. ತಕರಾರು ದಾಖಲಾಗುವ ತನಕ ಕೂರಬೇಡಿ. ಫೀಸು ಕೊಡಲಾಗದ ಕಕ್ಷಿದಾರನಿಗೆ ಇದು ಇನ್ನೂ ಜಾಸ್ತಿ ಬೇಕು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗ ಹತ್ತಿರ ಬಂದ. ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಕೇಳಿದ: "ಅಣ್ಣ, ನಾನು ಮಾತಾಡಬೇಕಿತ್ತಾ?"