ನೆಲ ಮುಟ್ಟದ ಬಾಬಿ ಆರ್

ಪ್ರತಿಮೆಯಾಗುವವರು ನೆಟ್ಟಗೆ ನಿಂತಿರಬೇಕು, ಇಲ್ಲವೇ ಕುದುರೆಯ ಮೇಲಾದರೂ ಕುಳಿತಿರಬೇಕು ಎಂಬುದು ನಮ್ಮ ಊರುಗಳ ವೃತ್ತಗಳನ್ನು ನೋಡಿ ಬೆಳೆದ ಕಣ್ಣಿಗೆ ಒಗ್ಗಿಹೋದ ನಿಯಮ. ಬೋಸ್ಟನ್ ನಗರದ ಟಿಡಿ ಗಾರ್ಡನ್ ಕ್ರೀಡಾಂಗಣದ ಹೊರಗಿರುವ ಐಸ್ ಹಾಕಿ ಆಟಗಾರ ಬಾಬಿ ಆರ್ ಅವರ ಕಂಚಿನ ಪ್ರತಿಮೆ ಈ ನಿಯಮಕ್ಕೆ ಸೊಪ್ಪು ಹಾಕಿಲ್ಲ. ಅದು ತೋಳು ಚಾಚಿ, ಬಾಯಿ ತೆರೆದು, ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿ ತೇಲುತ್ತಿದೆ. ಜಯಂತಿಯ ದಿನ ಮಾಲೆ ಹಾಕಲು ಹೊರಟವರ ಪಾಡು ಕಷ್ಟವೇ.

ಚಳಿಗಾಲದ ಈ ಆಟದ ಅತ್ಯಂತ ಪ್ರಸಿದ್ಧ ಗಳಿಗೆ ಒದಗಿದ್ದು ಮೇ ತಿಂಗಳಲ್ಲಿ. 1970ರ ಮೇ 10ರಂದು, ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನ ಅಗ್ರ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಆರ್ ಅವರ ತಂಡ ಬೋಸ್ಟನ್ ಬ್ರೂಯಿನ್ಸ್ ಮತ್ತು ಸೇಂಟ್ ಲೂಯಿಸ್ ಬ್ಲೂಸ್ 3-3ರಲ್ಲಿ ಸಮವಾಗಿದ್ದವು. ಹೆಚ್ಚುವರಿ ಅವಧಿ ಆರಂಭವಾಗಿ 40 ಸೆಕೆಂಡುಗಳಾಗಿದ್ದಾಗ, ಬಲೆಯ ಹಿಂದಿನಿಂದ ಸಹ ಆಟಗಾರ ಡೆರೆಕ್ ಸ್ಯಾಂಡರ್ಸನ್ ದಾಟಿಸಿದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಆರ್ ಗೋಲ್‌ಕೀಪರ್ ಗ್ಲೆನ್ ಹಾಲ್ ಅವರ ಕಾಲುಗಳ ನಡುವೆ ನುಗ್ಗಿಸಿದರು. ಅದೇ ಹೊತ್ತಿಗೆ ಎದುರಾಳಿ ನೋಯೆಲ್ ಪಿಕಾರ್ಡ್, ಆರ್ ಅವರ ಕಾಲನ್ನು ಎತ್ತಿಬಿಟ್ಟರು. ಹೀಗೆ ಮೇಲಕ್ಕೆ ಚಿಮ್ಮಿದ ಆರ್, ಬೀಳುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂಬಂತೆ, ಗಾಳಿಯಲ್ಲೇ ಗೆಲುವನ್ನು ಆಚರಿಸಿದರು. ಬ್ರೂಯಿನ್ಸ್‌ಗೆ 29 ವರ್ಷಗಳ ಬಳಿಕ ಕಪ್ ದಕ್ಕಿತು. ಪತ್ರಿಕಾ ಛಾಯಾಗ್ರಾಹಕ ರೇ ಲೂಸಿಯರ್ ತೆಗೆದ ಚಿತ್ರದಿಂದಾಗಿ ಆ ನೆಗೆತ ಉಳಿಯಿತು. ಸರಿಯಾಗಿ 40 ವರ್ಷಗಳ ನಂತರ, 2010ರ ಮೇ 10ರಂದು, ಅದೇ ಭಂಗಿಯ ಪ್ರತಿಮೆ ಅನಾವರಣಗೊಂಡಿತು.

ನನ್ನ ಕಣ್ಣು ಹೋಗುವುದು ಅದರ ಮಂಡಿಯ ಕಡೆಗೆ. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದ ಎಡ ಮಂಡಿಯ ಕಾರಣದಿಂದಲೇ ಆರ್ 1978ರಲ್ಲಿ, ಮೂವತ್ತನೆಯ ವಯಸ್ಸಿಗೇ ಆಟ ಬಿಡಬೇಕಾಯಿತು. ಕಂಚಿನ ಮಂಡಿಗೆ ಆ ತಾಪತ್ರಯವಿಲ್ಲ. ಅದು ನೆಲಕ್ಕೆ ಬಂದು ಭಾರ ಹೊರುವ ಪ್ರಸಂಗವೇ ಬರುವುದಿಲ್ಲ.

ಇಷ್ಟಾದರೂ ಈ ಸ್ಮಾರಕದಲ್ಲಿ ಪಿಕಾರ್ಡ್‌ಗೆ ಅನ್ಯಾಯವಾಗಿದೆ ಎಂಬುದು ನನ್ನ ತಕರಾರು. ಗೋಲು ಹೇಗೂ ಆಗಿತ್ತು. ಆದರೆ ಅವರು ಆರ್ ಕಾಲನ್ನು ಎತ್ತದಿದ್ದರೆ ಹಾರಾಟವಿಲ್ಲ, ಹಾರಾಟವಿಲ್ಲದಿದ್ದರೆ ಆ ಚಿತ್ರವಿಲ್ಲ, ಚಿತ್ರವಿಲ್ಲದಿದ್ದರೆ ಆರ್ ಕೂಡ ಎಲ್ಲ ಮಹನೀಯರಂತೆ ನೆಟ್ಟಗೆ ನಿಂತಿರುತ್ತಿದ್ದರು. ಶಿಲ್ಪಿ ಹ್ಯಾರಿ ವೆಬರ್ ಸೋತ ತಂಡದ ಊರಾದ ಸೇಂಟ್ ಲೂಯಿಸ್‌ನವರೇ. ಆದರೂ ತಮ್ಮೂರ ತಂಡದ ಆಟಗಾರನಿಗೆಂದು ಅವರು ಒಂದು ಹಿಡಿ ಕಂಚನ್ನೂ ಖರ್ಚು ಮಾಡಲಿಲ್ಲ.